ವೀಬ್ಕೆ ಹಿಂದಿರುಗಿಸದ ಗುಳಿಬಾಣಲೆ

ಮಧ್ಯಾಹ್ನ ಮೂರರ ಹೊತ್ತಿಗೆ ಸಮುದ್ರ ಒಳಗೆ ಬರುತ್ತದೆ ಎಂದು ರೇಡಿಯೊ ಬೆಳಿಗ್ಗೆಯೇ ಹೇಳಿತ್ತು. ಜನವರಿಯ ಬಿರುಗಾಳಿ ಎಂದರೆ ಉತ್ತರ ಸಮುದ್ರಕ್ಕೆ ಈ ನಡುಗಡ್ಡೆ ಯಾವ ಲೆಕ್ಕಕ್ಕೂ ಇಲ್ಲ. ಹುಲ್ಲುಗಾವಲೆಲ್ಲ ಮುಳುಗಿ, ಮನೆಗಳಿರುವ ಆರು ಮಣ್ಣಿನ ದಿಬ್ಬಗಳಷ್ಟೇ ಮೇಲೆ ಉಳಿಯುತ್ತವೆ. ಎಪ್ಪತ್ತೊಂದರ ವೀಬ್ಕೆ ಹತ್ತು ಗಂಟೆಯೊಳಗೆ ಕುರಿಗಳನ್ನು ದಿಬ್ಬ ಹತ್ತಿಸಿ, ಬಣವೆಗೆ ಬಲೆ ಬಿಗಿದು, ಕೊಟ್ಟಿಗೆಯ ಬಾಗಿಲಿಗೆ ಹಲಗೆ ಕೊಟ್ಟು ಸಂದಿಗೆ ಜೇಡಿಮಣ್ಣು ಮೆತ್ತಿದ್ದಳು. ಇನ್ನು ಉಳಿದದ್ದು ಕೈಗಡ ತಂದದ್ದನ್ನು ಹಿಂದಿರುಗಿಸುವುದು.

ನೀರೇರುವ ಮೊದಲು ಅವರವರ ವಸ್ತು ಅವರವರ ಮನೆ ಸೇರಬೇಕು. ಈ ಪದ್ಧತಿ ವೀಬ್ಕೆಯ ಅಜ್ಜಿಗಿಂತ ಹಳೆಯದು. ಪಕ್ಕದ ಮನೆಯ ಥೇಡೆ ಅವಳ ಕೊರೆಯುವ ಯಂತ್ರ ತಂದುಕೊಟ್ಟು, ತನ್ನ ಏಣಿಯನ್ನು ಹೆಗಲಿಗೇರಿಸಿಕೊಂಡ. ಹೋಗುವವನು ಸುಮ್ಮನೆ ಹೋಗಬಾರದೇ?

"ಎಲ್ಲಾ ಚುಕ್ತಾ ಆಯ್ತಾ ವೀಬ್ಕೆ? ಇಲ್ಲ ಆ ಬಾಣಲೆ ಇನ್ನೂ ನಿನ್ನ ಹತ್ರಾನೇ ಐತಾ?"

"ನಿನ್ನ ಏಣಿ ಸಿಕ್ತಲ್ಲ, ನಡಿ ಸುಮ್ನೆ!"

ಬಾಣಲೆ ಅವಳ ಅಮ್ಮನದು. ಹೊಸ ವರ್ಷದ ದಿನ ಸಿಹಿ ಉಂಡೆ ಬೇಯಿಸುವ, ಏಳು ಗುಳಿಗಳ ಎರಕದ ಬಾಣಲೆ. ಅಮ್ಮ ಹೋದ ಮೇಲೆ ಅದು ಅಕ್ಕ ಗೊಂಡೆಲ್‌ಳ ಪಾಲಿಗೆ ಬಂತು. ವೀಬ್ಕೆ ಒಂದು ದಿನಕ್ಕೆಂದು ಕೇಳಿ ತಂದವಳು ಕೊಡಲಿಲ್ಲ. ಮಾತಿಗೆ ಮಾತು ಬೆಳೆದು ಅಕ್ಕತಂಗಿಯರು ಮುಖ ನೋಡದೆ ಹನ್ನೊಂದು ವರ್ಷ. ಇಬ್ಬರ ಹಟವೂ ಕುರಿಗಳಿಗಿಂತ ಒಂದು ಕೈ ಮೇಲು.

ಆ ಕಾಲ ಎಷ್ಟು ಚೆನ್ನಾಗಿತ್ತು! ಗಾಳಿ ಬೀಸತೊಡಗಿದರೆ ಅಮ್ಮ ಇಬ್ಬರ ಕೈಗೂ ಜರಡಿ, ಹಗ್ಗ, ದೀಪದ ಗಾಜು ಹೊರಿಸಿ ಓಡಿಸುತ್ತಿದ್ದಳು. ಹೋದ ಮನೆಯಲ್ಲೆಲ್ಲ ಬಿಸಿ ಚಹಾ, ಅದರಲ್ಲೊಂದು ದಪ್ಪ ಕಲ್ಲುಸಕ್ಕರೆ. ಮಕ್ಕಳು ಹಿಂದಿರುಗುವವರೆಗೆ ಅಮ್ಮ ದಿಬ್ಬದ ಅಂಚಿನಲ್ಲಿ ನಿಂತೇ ಇರುತ್ತಿದ್ದಳು. ವೀಬ್ಕೆಗೆ ಒಂಬತ್ತಾದ ವರ್ಷ ಮಾತ್ರ ನೀರು ಬೇಗ ಬಂತು, ಒಂದು ಮನೆಗೆ ಹೋಗಲಾಗಲಿಲ್ಲ. ಆ ಮನೆ ಕೊಚ್ಚಿಹೋಯಿತು. ಜನ ಬದುಕಿಕೊಂಡರು, ಆದರೆ ಊರು ಬಿಟ್ಟವರು ಎಲ್ಲಿ ಹೋದರೋ ತಿಳಿಯಲಿಲ್ಲ. ಅವರಿಂದ ಕೈಗಡ ತಂದಿದ್ದ, ಬೆಣ್ಣೆ ಕಡೆಯುವ ಪೀಪಾಯಿಯ ಮುಚ್ಚಳ ಅಮ್ಮ ಸಾಯುವವರೆಗೂ ಅಡುಗೆಮನೆಯ ಗೋಡೆಯಲ್ಲೇ ತೂಗುತ್ತಿತ್ತು. ಅಮ್ಮ ಅದನ್ನು ವಾರಕ್ಕೊಮ್ಮೆ ಒರೆಸುತ್ತಿದ್ದಳು.

ಗೊಂಡೆಲ್‌ಳ ದಿಬ್ಬ ಆರರಲ್ಲಿ ಎಲ್ಲಕ್ಕಿಂತ ತಗ್ಗು. ವೀಬ್ಕೆಗೆ ಆ ಮುಚ್ಚಳ ನೆನಪಾಯಿತು. ಬಾಣಲೆಯನ್ನು ಕೋಟಿನೊಳಗೆ ತುರುಕಿಕೊಂಡು ದಿಬ್ಬ ಇಳಿದೇಬಿಟ್ಟಳು. ಗಂಟೆ ಒಂದಾಗಿತ್ತು. ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ. ತಡವಾದರೆ ದಾರಿಯೇ ಇಲ್ಲ. ಕಾಲುವೆಗಳು ಆಗಲೇ ತುಂಬಿದ್ದವು, ಎರಡನೆಯ ಹಲಗೆ ಸೇತುವೆಯ ಮೇಲೆ ನೀರು ಬೂಟಿನ ಹಿಮ್ಮಡಿ ಮುಟ್ಟಿತು.

ಗೊಂಡೆಲ್ ಕಿಟಕಿಗೆ ಹಲಗೆ ಹೊಡೆಯುತ್ತಿದ್ದಳು. ಬಾಯಲ್ಲಿದ್ದ ಮೊಳೆ ತೆಗೆದಳು.

"ಹನ್ನೊಂದು ವರ್ಷ ಬೇಕಾಯ್ತೇನೇ ನಿಂಗೆ ಈ ದಾರಿ ಸಿಗೋಕೆ?"

"ಮೊದ್ಲು ಇದನ್ನ ಹಿಡ್ಕೋ. ನೀರು ಬರ್ತಾ ಇದೆ."

ಗೊಂಡೆಲ್ ಬಾಣಲೆಯ ಗುಳಿಗಳಲ್ಲಿ ಬೆರಳಾಡಿಸಿದಳು. "ಎಣ್ಣೆ ಹಚ್ಚಿ ಇಟ್ಟಿದ್ದೀಯ. ಎಷ್ಟು ಸಲ ಮಾಡ್ದೆ?"

"ಒಂದ್ಸಲಾನೂ ಇಲ್ಲ. ಒಬ್ಳೇ ಕೂತು ತಿನ್ನೋಕೆ ಗಂಟ್ಲಲ್ಲಿ ಇಳೀಬೇಕಲ್ಲ!"

ಗೊಂಡೆಲ್ ಮೂಗು ಒರೆಸಿಕೊಂಡಳು. ಗಾಳಿಗಿರಬಹುದು, ಇಲ್ಲದಿರಬಹುದು. ಆಮೇಲೆ ಬಾಣಲೆಯನ್ನು ತಿರುಗಿ ತಂಗಿಯ ಕೋಟಿನೊಳಗೆ ತುರುಕಿದಳು.

"ಇವತ್ತು ಕೊಟ್ಟು ಕೈತೊಳ್ಕೊಂಡ್ಬಿಡೋಣ ಅಂತ ಬಂದ್ಯಾ? ಆಗೋದಿಲ್ಲ. ನೀರಿಳಿದ ಮೇಲೆ ತಗೊಂಡ್ಬಾ. ಹಿಟ್ಟು ಕಲಸಿಟ್ಟಿರ್ತೀನಿ."

"ಪದ್ಧತಿ ಹಾಗಿಲ್ಲ ಗೊಂಡೆಲ್! ಅಮ್ಮ ಇದ್ದಿದ್ರೆ..."

"ಅಮ್ಮ ಇದ್ದಿದ್ರೆ ನಿನ್ನ ಕಿವಿ ಹಿಂಡಿ ಓಡಿಸ್ತಿದ್ಲು. ಓಡು!"

ಸೇತುವೆಯಲ್ಲಿ ನೀರು ಮೊಣಕಾಲಿಗೆ ಬಂದಿತ್ತು. ಬಾಣಲೆ ಪಕ್ಕೆಗೆ ಬಡಿಯುತ್ತಿತ್ತು. ವೀಬ್ಕೆ ಏದುಸಿರು ಬಿಡುತ್ತ ತನ್ನ ದಿಬ್ಬ ಹತ್ತಿ ತಿರುಗಿ ನೋಡಿದಳು. ನಡುವೆ ಹುಲ್ಲೇ ಕಾಣುತ್ತಿರಲಿಲ್ಲ, ಬರೀ ಬೂದು ನೀರು. ಅದರಾಚೆ ತಗ್ಗು ದಿಬ್ಬದ ಅಂಚಿನಲ್ಲಿ, ಅಮ್ಮ ನಿಲ್ಲುತ್ತಿದ್ದ ಹಾಗೆಯೇ, ಗೊಂಡೆಲ್ ನಿಂತಿದ್ದಳು.

ವೀಬ್ಕೆ ಎರಡೂ ಕೈಯಲ್ಲಿ ಬಾಣಲೆಯನ್ನು ತಲೆಯ ಮೇಲೆತ್ತಿ ತೋರಿಸಿದಳು. ಆಗ ಗೊಂಡೆಲ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.