ಪೆಲ್ ತಾತನ ಸಹಿ

ಅಮೋನಿಯಾದ ವಾಸನೆ ಬಂದರೆ ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಮಾತ್ರ ಇದ್ದಲ್ಲೇ ನಿಂತುಬಿಡುತ್ತೇನೆ. ಅಪ್ಪ ತೀರಿಹೋಗಿ ಒಂದು ತಿಂಗಳಾಗಿತ್ತು. ಡೌನರ್ಸ್ ಗ್ರೋವ್‌ನ ಅವರ ಮನೆಯನ್ನು ಮಾರಾಟಕ್ಕೆ ಇಡುವ ಮೊದಲು ಕಿಟಕಿ ಗಾಜು ಒರೆಸಲು ಹೋಗಿದ್ದೆ. ಬಾಟಲಿಯಿಂದ ಒಂದು ಸಲ ಸಿಂಪಡಿಸಿದ ಕೂಡಲೇ ಆ ಚುರುಕು ವಾಸನೆ ಗಂಟಲಿಗೆ ಇಳಿಯಿತು. ಕೈಯಲ್ಲಿದ್ದ ಬಟ್ಟೆ ಕೈಯಲ್ಲೇ ಉಳಿಯಿತು. ಮತ್ತೆ ಒಂಬತ್ತು ವರ್ಷದವಳಾಗಿ ನಾನು ಮಿಶಿಗನ್ ರಾಜ್ಯದ ಸೌತ್‌ಫೀಲ್ಡಿನ ಹಳೆಯ ಮನೆಯಲ್ಲಿ, ಗರಾಜಿನಿಂದ ಒಳಗೆ ಬರುವ ಬಾಗಿಲಲ್ಲಿ ನಿಂತಿದ್ದೆ. ಅಪ್ಪ ಆಫೀಸಿನಿಂದ ಬಂದು ಬೂಟಿನ ಹಿಮ ಕೊಡವುತ್ತಿದ್ದರು, ಅವರ ಕೋಟಿನಿಂದ ಇದೇ ವಾಸನೆ ಬರುತ್ತಿತ್ತು. ಆಗೆಲ್ಲ ಕಟ್ಟಡದ ನಕ್ಷೆಗಳನ್ನು ಕೈಯಲ್ಲೇ ಬರೆದು, ಅಮೋನಿಯಾದ ಹಬೆ ಹಾಯಿಸುವ ಮೆಶೀನಿನಲ್ಲಿ ನೀಲಿ ಗೆರೆಯ ಪ್ರತಿಗಳನ್ನು ತೆಗೆಯುತ್ತಿದ್ದರು. ಅಮ್ಮ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು: "ಮೊದ್ಲು ಬಟ್ಟೆ ಬದಲಾಯಿಸ್ಕೊಳ್ಳಿ. ನಿಮ್ ಆಫೀಸಿನ ವಾಸನೆ ಸಾರಿಗೂ ಅಂಟ್ಕೊಳತ್ತೆ."

ಆ ಮನೆಯ ವಿಷಯ ಹೇಳುವಾಗ ಮೂವರ ಬಗ್ಗೆ ಹೇಳಿದರೆ ಸಾಲದು. ನಾಲ್ಕನೆಯವರೊಬ್ಬರಿದ್ದರು. ಪ್ರತಿ ಭಾನುವಾರ ಹನ್ನೊಂದೂವರೆಗೆ ಡ್ರೈವ್‌ವೇಯಲ್ಲಿ ಹಸಿರು ಬಣ್ಣದ ಹಳೆಯ ಕಾರು ನಿಲ್ಲುತ್ತಿತ್ತು. ಅದರಿಂದ ಎತ್ತರದ, ಸ್ವಲ್ಪ ಬಾಗಿದ, ಎಪ್ಪತ್ತರ ಹತ್ತಿರದ ಇಂಗ್ಲೆಂಡಿನವರೊಬ್ಬರು ಇಳಿಯುತ್ತಿದ್ದರು. ಅಮ್ಮ ಕಿಟಕಿಯಿಂದ ನೋಡಿ, "ಏನ್ರೀ, ನಿಮ್ಮ ದೊರೆಗಳು ದಯಮಾಡಿಸಿದ್ರು" ಅನ್ನುತ್ತಿದ್ದಳು. ಅಪ್ಪನ ಆಫೀಸಿನ ಇಬ್ಬರು ಪಾಲುದಾರರಲ್ಲಿ ಹಿರಿಯರಾದ ಮಿಸ್ಟರ್ ಪೆಲ್ ಅವರು. ನನಗೆ ಅವರು ಪೆಲ್ ತಾತ. ನನ್ನ ನಿಜವಾದ ತಾತಂದಿರಿಬ್ಬರೂ ಮೈಸೂರಿನಲ್ಲಿದ್ದರು, ತಿಂಗಳಿಗೊಂದು ನೀಲಿ ಏರೋಗ್ರಾಮ್ ಪತ್ರದಲ್ಲಿ ಮಾತ್ರ ಸಿಗುತ್ತಿದ್ದರು. ಇವರು ಭಾನುವಾರ ಭಾನುವಾರ ಸಿಗುತ್ತಿದ್ದರು. ಹೆಂಡತಿ ತೀರಿಹೋಗಿದ್ದಳು, ಮಗಳು ಊರಲ್ಲೇ ಇದ್ದರೂ ಬಿಡುವಿಲ್ಲದವಳು. ಅಮ್ಮ ಮೊದಲು ಅವರ ತಟ್ಟೆಗೆ ತುಪ್ಪ ಹಾಕಿ ಆಮೇಲೆ ಅಪ್ಪನಿಗೆ ಬಡಿಸುತ್ತಿದ್ದಳು. ಅವರು ಸಾರನ್ನು ಬಟ್ಟಲಿನಲ್ಲಿ ಹಾಕಿಸಿಕೊಂಡು ಕುಡಿದು, ಹಣೆಯ ಬೆವರು ಒರೆಸಿಕೊಂಡು, ಇನ್ನೊಂದು ಬಟ್ಟಲು ಕೇಳುತ್ತಿದ್ದರು. ಮಾತೆಲ್ಲ ಇಂಗ್ಲಿಷಿನಲ್ಲೇ. ಆದರೆ ನನ್ನ ನೆನಪಿನಲ್ಲಿ ಅವರ ಮಾತೂ ಕನ್ನಡವಾಗಿಬಿಟ್ಟಿದೆ, ಹಾಗೇ ಬರೆಯುತ್ತೇನೆ.

ಊಟವಾದ ಮೇಲೆ ಕತೆ. ಇಂಗ್ಲೆಂಡಿನ ಉಣ್ಣೆ ಗಿರಣಿಗಳ ಒಂದು ಊರಿನಲ್ಲಿ ಬಡಗಿಯ ಮಗನಾಗಿ ಹುಟ್ಟಿ, ಹತ್ತೊಂಬತ್ತನೆಯ ವಯಸ್ಸಿಗೆ ಹಡಗು ಹತ್ತಿ, ಕೆನಡಾದ ಪಶ್ಚಿಮಕ್ಕೆ ಹೋಗಿದ್ದರಂತೆ. ರೈಲು ಆಗಷ್ಟೇ ಬಂದು ನಿಂತಿದ್ದ ಊರು. ಧಾನ್ಯದ ಕಣಜವೊಂದು, ಅಂಗಡಿಯೊಂದು, ಸುತ್ತ ಆಕಾಶ. ಅಲ್ಲಿ ಶಾಲೆ ಕಟ್ಟಬೇಕಾಗಿತ್ತು, ನಕ್ಷೆ ಬರೆಯಲು ಬರುವವರು ಇನ್ನೂರು ಮೈಲಿಯಲ್ಲಿ ಒಬ್ಬರೂ ಇರಲಿಲ್ಲ. ಪೆಲ್ ತಾತ ಅಂಗಡಿಯಲ್ಲಿ ಸಕ್ಕರೆ ಕಟ್ಟುವ ಕಂದು ಕಾಗದ ಕೇಳಿ ತಂದು ಅದರ ಮೇಲೆ ಶಾಲೆ ಬರೆದರು. ಚಳಿಗೆ ಶಾಯಿ ಹೆಪ್ಪುಗಟ್ಟುತ್ತಿದ್ದರಿಂದ ಬಾಟಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಕಾಯಿಸುತ್ತಿದ್ದರು. ಶಾಲೆ ಆದ ಮೇಲೆ ಬ್ಯಾಂಕು, ಬ್ಯಾಂಕು ಆದ ಮೇಲೆ ಚರ್ಚು, ಆಮೇಲೆ ಹನ್ನೆರಡು ಹಾಸಿಗೆಯ ಆಸ್ಪತ್ರೆ. ಒಂದು ಊರಿನವರು ನೋಡಿ ಮುಂದಿನ ಊರಿನವರು ಕರೆದರು. ಮಿಶಿಗನ್ನಿಗೆ ಬಂದದ್ದು ಅದೆಲ್ಲ ಆದ ಮೇಲೆ. "ನಲವತ್ತೊಂದು ಕಟ್ಟಡ" ಎಂದು ಅವರು ಬೆರಳು ಎತ್ತಿ ಹೇಳುವಾಗ ಅಪ್ಪನ ಮುಖ ನೋಡಬೇಕಿತ್ತು. ಬೆಂಗಳೂರಿನಲ್ಲಿ ಆರ್ಕಿಟೆಕ್ಚರ್ ಓದಿ, ಎರಡು ವರ್ಷ ಸರ್ಕಾರಿ ಕ್ವಾರ್ಟರ್ಸಿನ ಒಂದೇ ನಕ್ಷೆಯನ್ನು ಮತ್ತೆ ಮತ್ತೆ ಬರೆದು ಬಂದಿದ್ದ ಅಪ್ಪನಿಗೆ, ಖಾಲಿ ಬಯಲಿಗೆ ಮೊದಲ ಕಂಬ ನೆಟ್ಟವರೊಬ್ಬರು ತಮ್ಮ ಮನೆಯ ಸೋಫಾದಲ್ಲಿ ಕೂತಿರುವುದೇ ದೊಡ್ಡ ಸಂಗತಿ.

ಅಪ್ಪನಿಗೆ ಬೇಕಾಗಿದ್ದುದು ಒಂದೇ: ಇಲ್ಲಿಯ ಲೈಸೆನ್ಸು. ಅದಿಲ್ಲದಿದ್ದರೆ ಎಷ್ಟು ಕಟ್ಟಡ ಬರೆದರೂ ಅಪ್ಪ ಬರೀ ನಕ್ಷೆ ಗೀಚುವ ಡ್ರಾಫ್ಟ್ಸ್‌ಮನ್ನೇ, ನಕ್ಷೆಯ ಮೂಲೆಯಲ್ಲಿ ಒತ್ತುವ ಸೀಲು ಇನ್ನೊಬ್ಬರದೇ. ಲೈಸೆನ್ಸಿನ ಪರೀಕ್ಷೆಗೆ ಕೂರಬೇಕಾದರೆ, ಲೈಸೆನ್ಸ್ ಇರುವ ಒಬ್ಬ ಆರ್ಕಿಟೆಕ್ಟಿನ ಕೈಕೆಳಗೆ ವರ್ಷಗಟ್ಟಲೆ ಕೆಲಸ ಮಾಡಿರಬೇಕು, ಅವರು ಹಾಗೆಂದು ಸಹಿ ಹಾಕಬೇಕು. ಅಪ್ಪ ಪೆಲ್ ತಾತನ ಕೈಕೆಳಗೆ ಏಳು ವರ್ಷ ಮಾಡಿದ್ದರು. ಅಮ್ಮ ಒಮ್ಮೆ ಕೇಳಿದ್ದು ನನಗೆ ನೆನಪಿದೆ: "ಇವರ ಸಹಿ ಒಂದೇ ಸಾಕಾಗತ್ತೇನ್ರೀ? ಆ ಇನ್ನೊಬ್ಬ ಪಾರ್ಟ್ನರ್ ಹತ್ರಾನೂ ಒಂದು ಹಾಕಿಸಿಟ್ಕೊಳ್ಳಿ." ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ಗುರುಗಳು ಇರೋವಾಗ ಇನ್ನೊಬ್ಬರ ಹತ್ರ ಹೋದ್ರೆ ಅವರಿಗೆ ಹೇಗನ್ಸತ್ತೆ ಕಣೆ? ಅವರನ್ನ ನಂಬ್ಲಿಲ್ಲ ಅಂತ ಆಗಲ್ವಾ?" ಅಷ್ಟಕ್ಕೆ ಆ ಮಾತು ಮುಗಿಯಿತು. ಗುರು ಎಂದು ಒಪ್ಪಿಕೊಂಡವರನ್ನು ನಿಮ್ಮ ಕಾಗದ ತೋರಿಸಿ ಎಂದು ಕೇಳುವ ಅಭ್ಯಾಸ ನಮ್ಮ ಮನೆಯಲ್ಲಿ ಇರಲಿಲ್ಲ. ನಿಮ್ಮಲ್ಲೂ ಎಷ್ಟೋ ಜನರ ಮನೆಯಲ್ಲಿ ಇದ್ದಿರಲಾರದು.

ಆ ವರ್ಷದ ಆಯುಧಪೂಜೆಗೆ ಅಪ್ಪ ತಮ್ಮ ಟೀ-ಸ್ಕ್ವೇರು, ಪೆನ್ನುಗಳು, ಸೆಟ್‌ಸ್ಕ್ವೇರುಗಳನ್ನು ಊಟದ ಮೇಜಿನ ಮೇಲೆ ಜೋಡಿಸಿಟ್ಟರು. ಪೆಲ್ ತಾತನಿಗೂ ಅವರ ಸಾಮಾನು ತರಲು ಹೇಳಿದ್ದರು. ಅವರು ಬಡಗಿ ತಂದೆಯ ಕೈವಾರ ತಂದರು, ಅದರ ಜೊತೆಗೆ ಕಬ್ಬಿಣದ ಒಂದು ಸೀಲು ತಂದರು, ಕಾಗದವನ್ನು ನಡುವೆ ಇಟ್ಟು ಹಿಡಿ ಅದುಮಿದರೆ ಉಬ್ಬು ಅಕ್ಷರ ಮೂಡುವಂಥದು. ಅಮ್ಮ ಅದಕ್ಕೂ ಕುಂಕುಮ ಇಟ್ಟು ಸೇವಂತಿಗೆ ಏರಿಸಿದಳು. ಪೂಜೆ ಮುಗಿದು ಅಪ್ಪ-ಅಮ್ಮ ಕೋಸಂಬರಿ ಕಲಸಲು ಒಳಗೆ ಹೋದಾಗ ಪೆಲ್ ತಾತ ನನ್ನ ನೋಟ್‌ಬುಕ್ಕಿನ ಹಾಳೆಗೆ ಆ ಸೀಲು ಒತ್ತಿಕೊಟ್ಟರು. ನಾನು ಪೆನ್ಸಿಲ್ಲಿನಿಂದ ಮೆಲ್ಲಗೆ ಉಜ್ಜಿದೆ. ಅಕ್ಷರಗಳು ಒಂದೊಂದಾಗಿ ಎದ್ದವು. ಅವರ ಹೆಸರು, ಅದರ ಕೆಳಗೆ ಕೆನಡಾದ ಒಂದು ಪ್ರಾಂತ್ಯದ ಹೆಸರು. ನಾನು ಮೂರನೆಯ ಕ್ಲಾಸಿನಲ್ಲಿ ರಾಜ್ಯಗಳನ್ನು ಬಾಯಿಪಾಠ ಮಾಡುತ್ತಿದ್ದವಳು. "ಇದರಲ್ಲಿ ಮಿಶಿಗನ್ ಅಂತ ಇಲ್ವಲ್ಲ" ಅಂದೆ. ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ನಕ್ಕರು. "ಜಾಣೆ. ಇದು ನಮ್ಮಿಬ್ಬರಲ್ಲೇ ಇರಲಿ. ಸರಿಯಾ?" ಎಂದು ಕೈ ಚಾಚಿದರು. ದೊಡ್ಡವರೊಬ್ಬರು ನನ್ನ ಕೈ ಕುಲುಕಿದ್ದು ಅದೇ ಮೊದಲು. ಆ ಹಾಳೆಯನ್ನು ಹರಿದು ಚಿಕ್ಕದಾಗಿ ಮಡಿಸಿ ಕಸಕ್ಕೆ ಹಾಕಿದೆ. ಗುಟ್ಟು ಕಾಪಾಡುವುದು ಎಂದರೆ ಅದೇ ಎಂದು ತಿಳಿದಿದ್ದೆ.

ರಿಸೆಶನ್ ಎಂಬ ಪದ ನಮ್ಮ ಮನೆಯೊಳಗೆ ಬಂದದ್ದು ಅದರ ಮುಂದಿನ ಚಳಿಗಾಲ. ಕಾರುಗಳು ಮಾರಾಟವಾಗದೆ ಡೆಟ್ರಾಯಿಟಿನ ಸುತ್ತ ಎಲ್ಲವೂ ನಿಂತುಹೋಗುತ್ತಿದ್ದ ಕಾಲ. ನಮ್ಮ ಬಡಾವಣೆಯಲ್ಲೇ ಮೂರು ಮನೆಗಳ ಮುಂದೆ ಮಾರಾಟದ ಬೋರ್ಡು ಬಿದ್ದವು. ಕಟ್ಟಡ ಕಟ್ಟಿಸುವವರೇ ಇಲ್ಲದ ಮೇಲೆ ಬರೆಯುವವರಿಗೇನು ಕೆಲಸ? ಪೆಲ್ ತಾತನ ಪಾಲುದಾರರು ಆಫೀಸು ಮುಚ್ಚಿ ಹ್ಯೂಸ್ಟನ್ನಿಗೆ ಹೊರಟುಹೋದರು. ಅಪ್ಪ ನಾಲ್ಕು ತಿಂಗಳು ಮನೆಯಲ್ಲಿದ್ದರು. ಅಮ್ಮ ಬೇಕರಿಯೊಂದರಲ್ಲಿ ಡೋನಟ್‌ಗಳನ್ನು ಡಬ್ಬಿಗೆ ತುಂಬಲು ಹೋಗತೊಡಗಿದಳು. ಅಪ್ಪನಿಗೆ ಆಗ ದಾರಿ ತೋರಿಸಿದವರು ಪಾಟೀಲ ಅಂಕಲ್, ಧಾರವಾಡದ ಕಡೆಯವರು, ಡಿಯರ್‌ಬಾರ್ನಿನ ಕಾರು ಕಾರ್ಖಾನೆಯಲ್ಲಿ ಇಂಜಿನಿಯರ್. ಅಲ್ಲಿ ಕಾರ್ಖಾನೆಯ ಕಟ್ಟಡಗಳನ್ನು ನೋಡಿಕೊಳ್ಳುವ ವಿಭಾಗದಲ್ಲಿ ಒಂದೇ ಒಂದು ಜಾಗ ಖಾಲಿ ಇತ್ತು. "ಜಾಗಾ ನಿಮ್ದೇ ಅಂತ ತಿಳೀರಿ. ಆದ್ರ ಲೈಸೆನ್ಸ್ ಇಲ್ದ ಒಳಗ ಬಿಡಾಂಗಿಲ್ಲ ನೋಡ್ರಿ" ಅಂದರು. "ಪರೀಕ್ಷಾಕ್ಕ ಕುಂಡ್ರಬಹುದು ಅಂತ ಲೈಸೆನ್ಸ್ ಬೋರ್ಡಿನ ಕಾಗದ ಒಂದು ತೋರಿಸ್ರಿ, ಅಲ್ಲೀತನಕ ನಾ ಜಾಗಾ ಹಿಡಿದಿಡತೀನಿ."

ಆ ಭಾನುವಾರ ಅಪ್ಪ ಫಾರಂಗಳನ್ನು ಪೆಲ್ ತಾತನ ಮುಂದೆ ಇಟ್ಟರು. ಅಮ್ಮ ಅಂದು ಪಾಯಸ ಮಾಡಿದ್ದಳು. ಪೆಲ್ ತಾತ ಕನ್ನಡಕ ಏರಿಸಿ ಪುಟಗಳನ್ನು ಒಂದೊಂದಾಗಿ ತಿರುವಿದರು. "ಏಳು ವರ್ಷ. ಇಷ್ಟು ಒಳ್ಳೆಯ ಕೈ ನನಗೆ ಮತ್ತೆ ಸಿಗಲಿಲ್ಲ" ಎಂದು ಅಪ್ಪನಿಗೆ ಹೇಳಿ, ಇಂಕ್ ಪೆನ್ನಿನಿಂದ ದೊಡ್ಡದಾಗಿ, ಉದ್ದ ಬಾಲದ ಸಹಿ ಹಾಕಿದರು. ಲೈಸೆನ್ಸ್ ನಂಬರಿನ ಜಾಗದಲ್ಲೂ ಒಂದು ನಂಬರು ಬರೆದರು. ನಾನು ಪಾಯಸದ ಬಟ್ಟಲು ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಅವರು ನನ್ನ ಕಡೆ ನೋಡಲಿಲ್ಲ. ನನಗೆ ಹೇಳಬೇಕೆನಿಸಿತೋ ಇಲ್ಲವೋ ಈಗ ಖಚಿತವಾಗಿ ಹೇಳಲಾರೆ. ಕೈ ಕುಲುಕಿದ್ದೇನೆ ಎಂಬುದಷ್ಟೇ ನೆನಪಿತ್ತು. ಅಪ್ಪ ಬಗ್ಗಿ ಅವರ ಕಾಲು ಮುಟ್ಟಿದರು.

ಆರು ವಾರಗಳ ಮೇಲೆ ಬೋರ್ಡಿನ ಉತ್ತರ ಬಂತು. ಸಹಿ ಮಾಡಿದ ವ್ಯಕ್ತಿಗೆ ಮಿಶಿಗನ್ನಿನಲ್ಲಿ ಎಂದೂ ಲೈಸೆನ್ಸ್ ಇರಲಿಲ್ಲ, ಕೊಟ್ಟ ನಂಬರು ಇಲ್ಲಿಯದಲ್ಲ, ಆದ್ದರಿಂದ ಏಳು ವರ್ಷಗಳ ಅನುಭವ ಪರಿಗಣಿಸಲು ಬರುವುದಿಲ್ಲ ಎಂದಿತ್ತು. ಅಪ್ಪ ಹ್ಯೂಸ್ಟನ್ನಿಗೆ ಫೋನ್ ಮಾಡಿದರು. ಆಫೀಸಿನ ನಕ್ಷೆಗಳಿಗೆಲ್ಲ ಸೀಲು ಒತ್ತುತ್ತಿದ್ದವರು ಆ ಪಾಲುದಾರರೇ, ಅದು ಆಫೀಸಿನ ಪದ್ಧತಿ ಎಂದಷ್ಟೇ ಅಪ್ಪ ತಿಳಿದಿದ್ದರು. ಮೊದಲೇ ಕೇಳಿದ್ದರೆ ನಾನೇ ಮೇಲ್ವಿಚಾರಣೆ ವಹಿಸಿಕೊಳ್ಳುತ್ತಿದ್ದೆ, ಈಗ ನನ್ನ ಕೈಕೆಳಗೆ ನಡೆಯದ ಕೆಲಸಕ್ಕೆ ಹೇಗೆ ಸಹಿ ಹಾಕಲಿ ಎಂದರಂತೆ. ಅವರ ಮಾತಿನಲ್ಲಿ ತಪ್ಪು ಹುಡುಕಲು ಅಪ್ಪನಿಗೂ ಆಗಲಿಲ್ಲ.

ಭಾನುವಾರ ಹಸಿರು ಕಾರು ಎಂದಿನಂತೆ ಬಂತು. ಅಮ್ಮ ಕಿಟಕಿಯಿಂದ ನೋಡಿ ಒಲೆಯ ಮುಂದಕ್ಕೆ ಹೋದಳು. ಅಪ್ಪ ಕಾಗದವನ್ನು ಮೇಜಿನ ಮೇಲಿಟ್ಟು ಕೇಳಿದರು, "ಸರ್, ನಿಮಗೆ ಗೊತ್ತಿತ್ತಾ?"

ಪೆಲ್ ತಾತ ಅದನ್ನು ಓದಲೂ ಇಲ್ಲ. "ನಲವತ್ತೊಂದು ಕಟ್ಟಡ ಕಟ್ಟಿದವನು ಇಲ್ಲಿ ಬಂದು ಹುಡುಗರ ಜೊತೆ ಬೆಂಚಿನ ಮೇಲೆ ಕೂತು ಪರೀಕ್ಷೆ ಬರೆಯಬೇಕಿತ್ತೆ?"

"ನಾನು ಕೇಳಿದ್ದು ಅದಲ್ಲ ಸರ್."

"ಅಲ್ಲಿ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಇಲ್ಲೂ ನೋಡಲಾರರು ಅಂದುಕೊಂಡೆ." ಆಮೇಲೆ ಅಪ್ಪನ ಮೇಲೆಯೇ ದೂರು ಹೇಳುವ ದನಿಯಲ್ಲಿ ಅಂದರು: "ನೀನೂ ಏಳು ವರ್ಷದಲ್ಲಿ ಒಂದು ಸಲ ಕೇಳಲಿಲ್ಲವಲ್ಲ."

ಅಪ್ಪ ಕಾಗದವನ್ನು ಮಡಿಸಿದರು. ಅಮ್ಮ ಒಳಗಿನಿಂದ ಕನ್ನಡದಲ್ಲಿ ಹೇಳಿದಳು, "ಊಟದ ಹೊತ್ತಿಗೆ ಬಂದಿದಾರೆ. ಹಾಗೇ ಕಳಿಸಬೇಡಿ." ತಟ್ಟೆ ಹಾಕಿದಳು, ಅನ್ನ ಬಡಿಸಿದಳು, ತುಪ್ಪದ ಮಿಳ್ಳೆಯನ್ನು ಮಾತ್ರ ಒಳಗಿನಿಂದ ತರಲಿಲ್ಲ. ಅವರು ತಲೆ ಬಗ್ಗಿಸಿ ಪೂರ್ತಿ ಉಂಡರು. ತಟ್ಟೆಯನ್ನು ತಾವೇ ಸಿಂಕಿಗೆ ಒಯ್ದು ತೊಳೆದಿಟ್ಟರು. ಹೋಗುವಾಗ ನನ್ನ ತಲೆ ಮುಟ್ಟಲು ಕೈ ಎತ್ತಿದರು, ನಾನು ಹಿಂದೆ ಸರಿದೆ. ಅವರು ಮತ್ತೆ ನಮ್ಮ ಮನೆಗೆ ಬರಲಿಲ್ಲ.

ಡಿಯರ್‌ಬಾರ್ನಿನ ಜಾಗಕ್ಕೆ ಬೇರೆಯವರು ಬಂದರು. ನಾವು ಸೌತ್‌ಫೀಲ್ಡಿನ ಮನೆ ಬಿಟ್ಟು ಇನ್ನೊಂದು ರಾಜ್ಯದ ಡೌನರ್ಸ್ ಗ್ರೋವ್‌ಗೆ ಬಂದೆವು. ಅಲ್ಲಿ ಅಪ್ಪನಿಗೆ ಅಂಗಡಿಗಳ ಪಾರ್ಕಿಂಗ್ ಜಾಗದ ನಕ್ಷೆ ಬರೆಯುವ ಕೆಲಸ ಸಿಕ್ಕಿತು, ಕಾರುಗಳು ನಿಲ್ಲುವ ಓರೆ ಗೆರೆಗಳು, ವರ್ಷಗಟ್ಟಲೆ. ಇನ್ನೊಬ್ಬರ ಕೈಕೆಳಗೆ ಮೊದಲಿಂದ ವರ್ಷ ಎಣಿಸಿ ಪರೀಕ್ಷೆಗೆ ಕೂರುವುದನ್ನು ಅವರು ಮುಂದಿನ ವರ್ಷ, ಮುಂದಿನ ವರ್ಷ ಎಂದು ತಳ್ಳಿದರು. ಕೊನೆಗೆ ಆ ಮಾತು ಆಡುವುದನ್ನೇ ನಿಲ್ಲಿಸಿದರು. ಅಮ್ಮ ನಿಲ್ಲಿಸಲಿಲ್ಲ. "ಮನೇಗೆ ಬಂದು ಉಂಡೋರೇ ಹೀಗೆ ಮಾಡಿದ್ರು" ಎಂದು ಬಂದವರೆಲ್ಲರ ಮುಂದೆ ಹೇಳುತ್ತಿದ್ದಳು, ಅಪ್ಪ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ ಪೆಲ್ ತಾತನ ಮಗಳು ಫೋನ್ ಮಾಡಿ ತಂದೆ ತೀರಿಕೊಂಡರೆಂದು ತಿಳಿಸಿದಳು. ಅಪ್ಪ ಫೋನ್ ಇಟ್ಟು ನೇರ ಬಾತ್‌ರೂಮಿಗೆ ಹೋದರು. ತಲೆಗೆ ನೀರು ಸುರಿದುಕೊಂಡು, ಒದ್ದೆ ಕೂದಲಿನಲ್ಲಿ ಹೊರಗೆ ಬಂದರು. ನಮ್ಮಲ್ಲಿ ಹಾಗೆ ಸ್ನಾನ ಮಾಡುವುದು ಸ್ವಂತದವರು ಹೋದಾಗ. ಅಮ್ಮ ಬಾಗಿಲಲ್ಲೇ ನಿಂತಿದ್ದಳು. "ಅವರಿಗೋಸ್ಕರ ನೀರು ಹಾಕ್ಕೊಂಡ್ರಾ? ನನ್ನ ಕೈ ನೋಡಿ ಒಂದ್ಸಲ. ಆರು ವರ್ಷದಿಂದ ಬೇಕರಿ ಟ್ರೇ ಎತ್ತಿರೋ ಕೈ ಇದು." ಅಪ್ಪ, "ವಿದ್ಯೆ ಹೇಳ್ಕೊಟ್ಟೋರು ಕಣೆ" ಅಂದರು. ಅಮ್ಮ ಮೂರು ದಿನ ಅಪ್ಪನ ಜೊತೆ ಮಾತಾಡಲಿಲ್ಲ. ಅವಳ ಪಾಲಿಗೆ ಮೋಸ ಮಾಡಿದವರು ಆವತ್ತಿನಿಂದ ಇಬ್ಬರಾದರು. ಮೂರನೆಯವಳು ಪಕ್ಕದ ರೂಮಿನಲ್ಲಿ ಹೋಮ್‌ವರ್ಕ್ ಮಾಡುತ್ತ ಕೂತಿದ್ದಾಳೆಂದು ಅವಳಿಗೆ ತಿಳಿಯಲಿಲ್ಲ. ಅಮ್ಮ ತೀರಿಕೊಳ್ಳುವ ತನಕವೂ ಆ ಸೀಲಿನ ವಿಷಯ ನಾನು ಹೇಳಲಿಲ್ಲ. ಅಪ್ಪನಿಗೂ ಹೇಳಲಿಲ್ಲ. ಆಯುಧಪೂಜೆಯ ದಿನವೇ ಹೇಳಿದ್ದರೆ ಅಪ್ಪ ಆ ಪಾಲುದಾರರನ್ನು ಕೇಳಬಹುದಿತ್ತು, ಅವರು ಆಗ ಇನ್ನೂ ಊರಲ್ಲಿದ್ದರು.

ಕಳೆದ ತಿಂಗಳು ಸೌತ್‌ಫೀಲ್ಡಿಗೆ ಒಬ್ಬಳೇ ಡ್ರೈವ್ ಮಾಡಿಕೊಂಡು ಹೋಗಿದ್ದೆ. ಅಪ್ಪ ಆ ಏಳು ವರ್ಷಗಳಲ್ಲಿ ಬರೆದ ಹಲ್ಲಿನ ಕ್ಲಿನಿಕ್ಕೊಂದು ಇನ್ನೂ ಹಾಗೇ ಇದೆ. ಕಾಯುತ್ತ ಕೂತ ಮಕ್ಕಳಿಗೆ ಹೊರಗೆ ಕಾಣಲಿ ಎಂದು ಕಿಟಕಿಗಳನ್ನು ಮೊಣಕಾಲೆತ್ತರಕ್ಕೇ ಇಳಿಸಿದ ಕಟ್ಟಡ. ಅದರ ನಕ್ಷೆಯ ಒಂದು ಪ್ರತಿ ಬೇಕೆಂದು ಊರಿನ ಕಚೇರಿಯಲ್ಲಿ ಕೇಳಿದೆ. ಕೌಂಟರಿನ ಹೆಂಗಸು ಹುಡುಕಿ ತಂದು ಹರಡಿದಳು. ಮೂಲೆಯಲ್ಲಿ ಪಾಲುದಾರರ ಸೀಲು. ಅದರ ಕೆಳಗೆ, ಬರೆದವರು ಎಂಬ ಪುಟ್ಟ ಚೌಕದಲ್ಲಿ ಅಪ್ಪನ ಹೆಸರಿನ ಎರಡು ಇನಿಶಿಯಲ್ ಮಾತ್ರ. ಶಾಲೆಯಲ್ಲಿ, ಕಾಲೇಜಿನಲ್ಲಿ, ಮದುವೆಯ ಮಾತುಕತೆಯಲ್ಲಿ, ನಿಮ್ಮ ತಂದೆ ಏನು ಮಾಡುತ್ತಾರೆ ಎಂದು ಯಾರು ಕೇಳಿದರೂ ನಾನು "ಡ್ರಾಫ್ಟಿಂಗ್" ಅನ್ನುತ್ತಿದ್ದೆ. ಅಪ್ಪ ಪಕ್ಕದಲ್ಲಿದ್ದಾಗಲೂ ಹಾಗೇ ಅನ್ನುತ್ತಿದ್ದೆ.

"ಪ್ರತಿ ಕೊಡಬೇಕಾದರೆ ಆರ್ಕಿಟೆಕ್ಟ್ ನಿಮಗೇನಾಗಬೇಕು ಅಂತ ಬರೆಯಬೇಕು" ಎಂದಳು ಅವಳು.

"ನಮ್ಮ ತಂದೆ" ಅಂದೆ.

ಅವಳು ಸೀಲು ನೋಡಿದಳು, ನನ್ನ ಗುರುತಿನ ಕಾರ್ಡು ನೋಡಿದಳು. "ಇಲ್ಲಿ ಹೆಸರು ಬೇರೆ ಇದೆಯಲ್ಲ?"

"ಹೌದು, ಬೇರೆ ಇದೆ" ಅಂದೆ. ಅವಳು ಪೆನ್ನು ಹಿಡಿದುಕೊಂಡು, ನಾನು ಇನ್ನೇನಾದರೂ ಹೇಳುತ್ತೇನೋ ಎಂದು ಕಾಯುತ್ತಿದ್ದಳು.