ಕೊಯ್ಯಲು ಉಂಟು, ಗುಳಿಗೆಗೆ ಇಲ್ಲ

ನನ್ನ ನೆಗೆಣ್ಣಿಯ ಕಾಲ್ಬೆರಳು ಹೋದದ್ದು ಮುಳ್ಳಿನಿಂದಲ್ಲ, ಗುಳಿಗೆ ಸಿಗದೆ. ಜೊತೆಗೆ ನನ್ನ ದಡ್ಡತನ.

ಅವಳು ನನ್ನ ಮೈದುನನ ಹೆಂಡತಿ. ನನಗೂ ಅವಳಿಗೂ ಸಕ್ಕರೆ ರೋಗ. ಮೂಡಲಗಿ ಹತ್ತಿರದ ನಮ್ಮೂರ ಸರ್ಕಾರಿ ದವಾಖಾನೆಯಲ್ಲಿ ನನ್ನ ಹೆಸರಿಗೆ ಮಾತ್ರ ಗುಳಿಗೆ ಬರುತ್ತಿದ್ದವು. ಅವಳ ಹೆಸರು ಬರೆಸಲು ಹೋದಾಗ ಗುಳಿಗೆ ಕೊಡುವವನು ತಲೆ ಎತ್ತದೆ, "ಮ್ಯಾಲಿಂದ ಮಾಲು ಬಂದಿಲ್ರಿ. ಇದ್ದವರಿಗೇ ಸಾಲವಲ್ದು, ಹೊಸ ಹೆಸರು ಎಲ್ಲಿ ಹಚ್ಚಲಿ?" ಎಂದ. ಅವನ ಬೆನ್ನ ಹಿಂದೆ ದೊಡ್ಡ ಯಂತ್ರವೊಂದು ಪ್ಲಾಸ್ಟಿಕ್ ಹೊದ್ದು ನಿಂತಿತ್ತು. ಅದನ್ನು ನಡೆಸುವವರು ಬಂದಿರಲಿಲ್ಲ. ಅದು ಮಾತ್ರ ಬಂದಿತ್ತು.

ನಮ್ಮದು ಒಂದೇ ಒಲೆ. ರೊಟ್ಟಿ ಒಂದೇ ಉಳಿದರೆ ಮುರಿದು ತಿಂದವರು. ಗುಳಿಗೆಯನ್ನೂ ಹಾಗೇ ಮುರಿದೆ. "ಅರ್ಧ ನನಗ, ಅರ್ಧ ನಿನಗ. ಏನೂ ಇಲ್ಲದ್ದಕ್ಕಿಂತ ಚಲೋ."

"ನೀ ಡಾಕ್ಟರ ಆಗಬೇಕಿತ್ತು ನೋಡಕ್ಕಾ" ಎಂದು ನಕ್ಕು ನುಂಗಿದಳು. ವರ್ಷಗಟ್ಟಲೆ ಹೀಗೇ ನಡೆಯಿತು. ಆಮೇಲೆ ಹೊಲದಲ್ಲಿ ಅವಳ ಕಾಲಿಗೆ ಮುಳ್ಳು ನೆಟ್ಟಿತು, ಗಾಯ ಮಾಯಲಿಲ್ಲ, ಬೆರಳು ಕಪ್ಪಾಯಿತು.

ಗೋಕಾಕದ ಒಂದು ದವಾಖಾನೆಗೆ ಒಯ್ದೆವು. ಅಲ್ಲಿ ಎಲ್ಲ ಪುಕ್ಕಟೆ! ಸರ್ಕಾರ ಕೊಟ್ಟ ಕಾರ್ಡು ತೋರಿಸಿದ್ದೇ ತಡ, ಮಂಚ ಬಂತು, ಡಾಕ್ಟರು ಬಂದರು, ಕತ್ತರಿ ಬಂತು. ಕೊಯ್ಯುವ ಮೊದಲು ಕಾಲಿನ ಫೋಟೋ, ಕೊಯ್ದ ಮೇಲೆ ಮತ್ತೊಂದು.

"ಸರ್ಕಾರಕ್ಕ ಕಳಸಬೇಕ್ರಿ ಅಜ್ಜಿ, ಇಲ್ಲಂದ್ರ ಬಿಲ್ ಪಾಸ್ ಆಗೂದಿಲ್ಲ" ಎಂದ ಫೋಟೋ ತೆಗೆಯುವವನು.

"ಹಂಗಾರ ನಮ್ಮೂರ ದವಾಖಾನಿಯ ಖಾಲಿ ಕಪಾಟಿಂದೂ ಒಂದು ಕಳಸೋ" ಎಂದೆ.

ಅವನು ಹಲ್ಲು ಕಿಸಿದ. ನನಗೆ ಹೇಸಿಗೆಯಾಯಿತು. ಇಷ್ಟು ದಿನ ಒಂದು ಗುಳಿಗೆಗೆ ಕೈ ಬಿಗಿ ಹಿಡಿದವರು ಬೆರಳು ಕಡಿಯಲು ಧಾರಾಳ ಬಿಚ್ಚುತ್ತಾರೆ. ಇದಕ್ಕೆ ಉಪಕಾರ ಎಂದು ಬೇರೆ ಹೆಸರು. ಥೂ.

ಮನೆಗೆ ಕಳಿಸುವಾಗ ಡಾಕ್ಟರು ಐದು ದಿನದ ಗುಳಿಗೆ ಕೊಟ್ಟು, "ತಪ್ಪಿಸಿದ್ರ ಪಾದಾನ ಹೋಗತೈತಿ ನೋಡ್ರಿ" ಎಂದರು.

"ಆರನೇ ದಿನಕ್ಕರಿ?"

"ನಿಮ್ಮೂರಾಗ ತಗೋರಿ."

ಮನೆಗೆ ಬಂದ ಸಂಜೆ ನೆಗೆಣ್ಣಿ ಮೆಲ್ಲಗೆ ಕೇಳಿದಳು, "ಅಕ್ಕಾ, ಮತ್ತ ಅರ್ಧ ಮಾಡೂಣೇನು?"

"ಬಾಯಿ ಮುಚ್ಚ" ಎಂದೆ. ಬೈದದ್ದು ಅವಳನ್ನಲ್ಲ.

ಮರುದಿನ ಬೆಳಿಗ್ಗೆ ಅವಳನ್ನು ಟಂಟಂ ಗಾಡಿಯಲ್ಲಿ ಕೂರಿಸಿಕೊಂಡು ನಮ್ಮೂರ ದವಾಖಾನೆಗೆ ಹೋದೆ. ಗುಳಿಗೆ ಕೊಡುವವನು ಬಂದು ಕೂತ ಕೂಡಲೇ ಅವಳ ಪಟ್ಟಿ ಕಟ್ಟಿದ ಕಾಲನ್ನು ಎತ್ತಿ ಅವನ ಮೇಜಿನ ಮೇಲಿಟ್ಟೆ. "ಬರಕೋ ಇಕಿ ಹೆಸರ" ಎಂದೆ. ಅವನು ಬರೆದುಕೊಳ್ಳುವ ತನಕ ಕಾಲು ಇಳಿಸಲು ಬಿಡಲಿಲ್ಲ.