ಟಾಕಿಯ ಮೇಲಿನ ಎಡಗೈ ವೇಣಿ

ಅಥಣಿಯ ಸುಂದರಾ ಮೂವತ್ತು ವರ್ಷದಿಂದ ಚಪ್ಪಲಿಗೆ ವೇಣಿ ಹೆಣೆಯುತ್ತಾಳೆ. ವೇಣಿ ಅಂದರೆ ಚಪ್ಪಲಿ ಪಟ್ಟಿಯ ಮೇಲೆ ಕೂರುವ ತೊಗಲಿನ ಸಣ್ಣ ಜಡೆ. ನೆಲಕ್ಕೆ ಕೂತು, ಕಾಲ್ಬೆರಳಿಗೆ ಎಳೆ ಸಿಕ್ಕಿಸಿಕೊಂಡು, ತಲೆ ತಗ್ಗಿಸಿ ಮಾಡುವ ಕೆಲಸ. ಆಕೆ ಎಡಚಿ. ಹಾಗಾಗಿ ಆಕೆಯ ವೇಣಿ ಎಲ್ಲರದಕ್ಕಿಂತ ಉಲ್ಟಾ, ಎಡಕ್ಕೆ ಹೊರಳುತ್ತದೆ. ಇಷ್ಟು ವರ್ಷ ಯಾರೂ ಅದನ್ನು ಗಮನಿಸಿರಲಿಲ್ಲ. ಮೊನ್ನೆ ಚಪ್ಪಲಿ ಅಂಗಡಿಯ ಭೀಮಸಿ ಆ ಮಾತು ಎತ್ತಿಬಿಟ್ಟ.

"ಸುಂದರಾಬಾಯಿ, ಪುಣೆದವರು ಎಲ್ಲಾ ಮಾಲು ಒಂದ ನಮೂನಿ ಬೇಕಂತಾರ. ಸೋಮವಾರದಿಂದ ಬಲಕ್ಕ ಹೆಣದ್ರ ತರ್ರಿ. ಇಲ್ಲಂದ್ರ ಬ್ಯಾಡ."

ನಾಲ್ಕು ದಿನ ಬಲಗೈಯಲ್ಲಿ ಹೆಣೆದಳು. ಬೆರಳು ಬಿಗಿ, ಎಳೆ ಸಡಿಲ. ಹೆಣೆದದ್ದನ್ನೆಲ್ಲ ಬಿಚ್ಚಿದಳು.

ಭಾನುವಾರ ಸೊಸೆ ಕಾಂಚನ ಸ್ಕೂಟಿ ಹೊರಗೆ ತೆಗೆದಳು. "ಅತ್ತಿ, ಏಳ್ರಿ. ಹೊಸಾ ಪ್ಲಾಟಿನ್ಯಾಗ ಗ್ವಾಡಿಗೆಲ್ಲಾ ಚಿತ್ರಾ ಬರದಾರಂತ."

"ಗ್ವಾಡಿ ನೋಡಾಕ ಪೆಟ್ರೋಲ್ ಸುಡ್ತಿ? ನಮ್ಮ ಮನ್ಯಾಗ ನಾಕ ಅದಾವಲ್ಲ."

"ಅವು ಸುಣ್ಣಾ ಕಂಡು ಎಂಟ ವರ್ಷ ಆತು. ಹತ್ರಿ."

ಊರ ಹೊರಗಿನ ಆ ಬಡಾವಣೆಯಲ್ಲಿ ಮನೆಗಳಿಗಿಂತ ಖಾಲಿ ಜಾಗವೇ ಹೆಚ್ಚು. ಆದರೆ ಆ ಗೋಡೆಗಳೋ! ಒಂದು ಕಂಪೌಂಡಿಗೆ ಕಬ್ಬು ಹೇರಿದ ಟ್ರ್ಯಾಕ್ಟರ್. ಸ್ಕೂಟಿ ಎಷ್ಟು ಮುಂದೆ ಹೋದರೂ ಅದರ ಟ್ರಾಲಿ ಮುಗಿಯಲೊಲ್ಲದು. ತಿರುವಿನಲ್ಲಿ ಕೊಡದಷ್ಟು ದಪ್ಪ ದ್ರಾಕ್ಷಿ. ಇನ್ನೊಂದು ಮನೆಯ ಹಿಂಗೋಡೆಗೆ ಕೃಷ್ಣಾ ಹೊಳೆ. ನಲ್ಲಿ ಸರಿಯಾಗಿ ಅದರ ನಡುವಿಂದ ಹೊರಟು ಖರೇ ನೀರು ತೊಟ್ಟಿಕ್ಕುತ್ತಿತ್ತು. ಸುಂದರಾ ಸೊಸೆಯ ಭುಜ ಹಿಡಿದು, "ಸಾವಕಾಶ ಹೊಡಿ" ಎಂದಳು.

ಕೊನೆಗೆ, ನೆಲದಿಂದಲೇ ಎದ್ದ ಗುಂಡು ನೀರಿನ ಟಾಕಿ. ಅದರ ಮೇಲೆ ಒಂದೇ ಒಂದು ಪಾದ, ಚಪ್ಪಲಿ ಮೆಟ್ಟಿದ್ದು, ಮೂರಾಳೆತ್ತರ. ಹುಟ್ಟಿದಾಗಿನಿಂದ ತಲೆ ತಗ್ಗಿಸಿ ನೋಡಿದ ಚಪ್ಪಲಿಯನ್ನು ಸುಂದರಾ ಇವತ್ತು ಕತ್ತೆತ್ತಿ ನೋಡಿದಳು. ಬಾವಿ ಹಗ್ಗದಷ್ಟು ದಪ್ಪ ವೇಣಿ. ಎಡಕ್ಕೆ ಹೊರಳಿತ್ತು.

"ಕಾಂಚನಾ," ಎಂದಳು ಮೆಲ್ಲಗೆ, "ಅದು ನಂದ."

ಬಿದಿರಿನ ಅಟ್ಟಣಿಗೆಯಿಂದ ಚಿತ್ರ ಬರೆಯುವ ಹುಡುಗಿ ಬ್ರಾಹ್ಮಿ ಇಳಿದು ಬಂದಳು. "ಏನರ ತಪ್ಪಾಗೇತೇನ್ರಿ ಮಾವಶಿ?"

"ಇಲ್ಲವ್ವ. ವೇಣಿ ಎಡಕ್ಕ ಯಾಕ ಬರದಿ?"

"ನಮ್ಮಪ್ಪನ ಚಪ್ಪಲಿ ಇದ್ದಂಗ ಬರದೇನ್ರಿ. ಭೀಮಸಿ ಅಂಗಡಿದು, ಆರ ವರ್ಷ ಮೆಟ್ಟ್ಯಾನ. ಊರಾಗ ಎಷ್ಟ ಚಪ್ಪಲಿ ನೋಡಿದ್ರೂ ಹಿಂಗ ಹೊರಳಿದ್ದು ಅಪರೂಪ. ಆದ್ರ ತುದಿ ಸವದೈತಿ. ಅಲ್ಲಿ ಹೆಂಗ ಮುಗಿಸ್ಯಾರೋ ಗೊತ್ತಾಗವಲ್ದು."

ಕೈಗೆಟುಕುವ ಎತ್ತರದಲ್ಲಿ ವೇಣಿಯ ತುದಿ ಬೆಳ್ಳಗೆ ಖಾಲಿ ಉಳಿದಿತ್ತು. ಸುಂದರಾ ಕೆಂಪು ಸೀಮೆಸುಣ್ಣ ಕೇಳಿ ಪಡೆದು ಗೆರೆ ಎಳೆದಳು. "ಈ ಎಳಿ ಹಿಂಗ ಕೆಳಗ ಹೋಗಿ ಮುಚ್ಚಗೋತೈತಿ ನೋಡು."

ಬ್ರಾಹ್ಮಿ ಗೋಡೆ ನೋಡಲಿಲ್ಲ, ಸೀಮೆಸುಣ್ಣ ಹಿಡಿದ ಎಡಗೈ ನೋಡಿದಳು. "ನೀವ ಏನ್ರಿ?"

ಸುಂದರಾ ಕೊನೆಯ ಎಳೆಯನ್ನು ಎಳೆದು ಮುಗಿಸಿದಳು. ಕಾಂಚನ ಹೇಳಿದಳು, "ಮತ್ಯಾರು? ನಮ್ಮತ್ತಿ ಬೀಗರಿಗೆ ಚಾ ಸೈತ ಎಡಗೈಲೆ ಕೊಟ್ಟು ಜಗಳಾ ಹಚ್ಚ್ಯಾಳ."

ಸೋಮವಾರ ಭೀಮಸಿ ಆಕೆ ರಾತ್ರಿ ಹೆಣೆದು ತಂದ ವೇಣಿಗಳ ಬುಟ್ಟಿ ತೆರೆದು ಮುಖ ಗಂಟಿಕ್ಕಿದ. "ಮತ್ತ ಎಡಕ್ಕ?"

"ಮೊದಲ ಹೊಸಾ ಪ್ಲಾಟಿನ ಟಾಕಿ ನೋಡಿ ಬರ್ರಿ. ಆಮ್ಯಾಲ ಬ್ಯಾಡ ಅನ್ರಿ."

ಅರ್ಧ ತಾಸಿಗೆ ಭೀಮಸಿ ಕತ್ತು ತಿಕ್ಕಿಕೊಳ್ಳುತ್ತ ತಿರುಗಿ ಬಂದ. ಬುಟ್ಟಿಯಿಂದ ಒಂದು ವೇಣಿ ಎತ್ತಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಪುಣೆಕ್ಕ ಬ್ಯಾರೆಯವರ ಮಾಲು ಹೋಗ್ಲಿ," ಎಂದ. "ಇವು ಹಚ್ಚಿದ ಚಪ್ಪಲಿ ನಮ್ಮ ಅಂಗಡಿ ಮುಂದ ತೂಗಲಿ."